ಬಾಗಿಲ ಪಕ್ಕದ ಆ್ಯಂಟೆನಾ

ನಮ್ಮ ಭಾವ ಹೊಟ್ಟೆಪಾಡಿಗೆ ಕಟ್ಟುಹಲ್ಲು ತಯಾರಿಸುತ್ತಾರೆ. ಆದರೆ ಜೀವ ಇಟ್ಟುಕೊಂಡಿರುವುದು ಹೆಲಿಕಾಪ್ಟರುಗಳ ಮೇಲೆ. ಅದೂ ಸಾಮಾನ್ಯದವಲ್ಲ; ಕತ್ತಲಲ್ಲಿ ಕಮಾಂಡೋಗಳನ್ನು ಶತ್ರುವಿನ ನೆಲದಲ್ಲಿಳಿಸಿ ಬರುವ ಕಪ್ಪು ಹೆಲಿಕಾಪ್ಟರುಗಳ ಪುಟ್ಟ ಮಾದರಿಗಳು. ಹಾರುತ್ತಲೇ ಇಂಧನ ತುಂಬಿಕೊಳ್ಳುವ ಕೊಳವೆ, ಮೂತಿಯ ಕೆಳಗಿನ ರಾತ್ರಿ ಕ್ಯಾಮೆರಾ, ಕಮಾಂಡೋಗಳು ಇಳಿಯುವ ಹಗ್ಗದ ಕೊಕ್ಕೆ, ಎಲ್ಲವೂ ಕಟ್ಟುಹಲ್ಲು ಉಜ್ಜಿ ನಯಮಾಡುವ ಯಂತ್ರದಲ್ಲೇ ತಯಾರು. ಇವರು ನಿಜವಾದ ಹೆಲಿಕಾಪ್ಟರನ್ನು ಒಮ್ಮೆಯೂ ಹತ್ತಿದವರಲ್ಲ. ಸ್ಟೂಲು ಹತ್ತಿದರೇ ತಲೆ ಸುತ್ತುತ್ತದೆ; ಮನೆಯಲ್ಲಿ ಬಲ್ಬು ಬದಲಿಸುವುದು ನಮ್ಮ ಅಕ್ಕ.

ಮಾಡೆಲ್ ಕ್ಲಬ್ಬಿನಲ್ಲಿ ಭಾವ ಹೇಳಿದ್ದೇ ವೇದವಾಕ್ಯ. ಅದಕ್ಕೆ ಕಾರಣ ಒಂದು ಮಸುಕು ಫೋಟೋ. ಅದರಲ್ಲಿ ಹೆಲಿಕಾಪ್ಟರಿನ ಬಾಗಿಲ ಪಕ್ಕ ಓರೆಯಾಗಿ ಒಂದು ಕೋಲು, ಅದರ ತುದಿಯಲ್ಲಿ ಕುಚ್ಚು. ಯಾವ ಪುಸ್ತಕದಲ್ಲೂ ಇಲ್ಲ! ಇದು ರಹಸ್ಯ ಆ್ಯಂಟೆನಾ, ಕುಚ್ಚಿರುವುದು ಗಾಳಿಯಲ್ಲಿ ಹುಟ್ಟುವ ವಿದ್ಯುತ್ತನ್ನು ಹೊರಬಿಡಲು ಎಂದು ಭಾವ ಸಾರಿದರು. ಅಂದಿನಿಂದ ಕ್ಲಬ್ಬಿನ ಸ್ಪರ್ಧೆಗಳಲ್ಲಿ ಆ ಆ್ಯಂಟೆನಾ ಇಲ್ಲದ ಮಾದರಿಗೆ ಅಂಕ ಕಡಿತ. ಪಾಪ, ಸದಸ್ಯರೆಲ್ಲ ಹಲ್ಲುಜ್ಜುವ ಬ್ರಷ್ಷಿನ ಎಳೆ ಕತ್ತರಿಸಿ ಕುಚ್ಚು ಕಟ್ಟಿದ್ದೇ ಕಟ್ಟಿದ್ದು.

ಈ ವರ್ಷ ಕ್ಲಬ್ಬಿನ ಮುಖ್ಯ ತೀರ್ಪುಗಾರರ ಸ್ಥಾನ ಖಾಲಿಯಾಯಿತು. ಭಾವನಿಗೆ ಅದು ಬೇಕೇ ಬೇಕು. ಆ ಚಿಂತೆಯಲ್ಲಿ ಊಟ ಸೇರುತ್ತಿರಲಿಲ್ಲ. ಅಂಥ ಹೆಲಿಕಾಪ್ಟರನ್ನೇ ಓಡಿಸಿದ್ದ ನಿವೃತ್ತ ಪೈಲಟ್ ಒಬ್ಬರು ಪ್ರದರ್ಶನಕ್ಕೆ ಅತಿಥಿಯಾಗಿ ಬರುವವರಿದ್ದರು. ಅವರು ಯಾರ ಮಾದರಿಯನ್ನು ಸರಿ ಎನ್ನುತ್ತಾರೋ ಅವರಿಗೇ ಆ ಸ್ಥಾನ ಎಂದು ಕಾರ್ಯದರ್ಶಿ ಘೋಷಿಸಿದರು.

ಪ್ರದರ್ಶನದ ದಿನ ಅಕ್ಕನೂ ನಾನೂ ಭಾವನ ಜೊತೆಗಿದ್ದೆವು. ಪೈಲಟ್ ಬಂದರು. ಭಾವನ ಮೇಜಿನೆದುರು ಬಗ್ಗಿ, ಕೋಲನ್ನು ತೋರಿಸಿ ಕೇಳಿದರು, "ಇದೇನಿದು?"

ಭಾವ ಕಣ್ಣು ಮಿಟುಕಿಸಿದರು. "ಗುಟ್ಟು ಬಿಟ್ಟುಕೊಡಬಾರದು, ನಮಗೂ ಗೊತ್ತು ಸರ್."

ಪಕ್ಕದಲ್ಲಿದ್ದ ಫೋಟೋವನ್ನು ಪೈಲಟ್ ಕನ್ನಡಕ ಹಾಕಿಕೊಂಡು ನೋಡಿದರು. "ಇದು ನಮ್ಮದೇ ಹೆಲಿಕಾಪ್ಟರ್. ಇದು ಆ್ಯಂಟೆನಾ ಅಲ್ಲಪ್ಪ, ನೆಲ ಒರೆಸೋ ಕೋಲು. ಒಣಗ್ಲಿ ಅಂತ ಒರಗಿಸಿಟ್ಟಿದ್ವಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಭಾವ ಮಾತ್ರ ಸೋಲೊಪ್ಪುವ ಜಾತಿಯಲ್ಲ.

"ಯುದ್ಧದ ಹೆಲಿಕಾಪ್ಟರಲ್ಲಿ ನೆಲ ಯಾಕೆ ಒರೆಸ್ತಾರೆ ಸರ್? ನಿಮಗೆ ಬೇರೆ ಯಾವುದರದೋ ನೆನಪಿರಬೇಕು."

"ಹೋಗುವಾಗ ಹುಡುಗರು ಕೂತ್ಕೊಂಡು ಹೋದ್ರು," ಎಂದರು ಪೈಲಟ್. "ಬರುವಾಗ ಮಲಗಿಸ್ಕೊಂಡು ಬಂದ್ವಿ. ನೆಲ ಪೂರ್ತಿ ರಕ್ತ. ಎಷ್ಟು ಸಲ ತೊಳೆದರೂ ಹೋಗ್ಲಿಲ್ಲ."

ನನ್ನ ನಗು ಅಲ್ಲೇ ಸತ್ತಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ತಲೆ ತಗ್ಗಿಸಿದರು. ಸದ್ಯ, ಈ ಮನುಷ್ಯನಿಗೂ ಕರುಳಿದೆ ಎಂದುಕೊಂಡೆ. ಅವರು ತಗ್ಗಿಸಿದ್ದು ಜೇಬಿನಲ್ಲಿ ಪೆನ್ಸಿಲು ಹುಡುಕಲು.

"ತೊಳೆದ ನೀರು ಯಾವ ಬಾಗಿಲಿಂದ ಇಳೀತು ಸರ್? ಎಡಗಡೆಯಿಂದಾನಾ?"

ಪೈಲಟ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಎರಡೂ ಕಡೆ," ಎಂದು ಹೇಳಿ, ಕುಡಿಯದ ಚಹಾ ಮೇಜಿನ ಮೇಲಿಟ್ಟು ಹೊರಟುಹೋದರು. ಅಕ್ಕ ಗೇಟಿನವರೆಗೂ ಅವರ ಹಿಂದೆ ಓಡಿದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ, ವಾಪಸು ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು.

ಅಷ್ಟರಲ್ಲಿ ಒಳಗೆ ಚಪ್ಪಾಳೆ. ಅಂಥ ಹೊತ್ತಿನಲ್ಲೂ ಸಣ್ಣ ವಿವರ ಬಿಡದವರು ಇನ್ಯಾರಿದ್ದಾರೆ ಎಂದು ಕಾರ್ಯದರ್ಶಿ ಭಾವನನ್ನೇ ಮುಖ್ಯ ತೀರ್ಪುಗಾರರನ್ನಾಗಿ ಮಾಡಿದರು. ಕೋಲಿಗೂ ಅಂಕ ಉಳಿಯಿತು, ಒರೆಸುವ ಕೋಲು ಎಂಬ ಹೊಸ ಹೆಸರಿನಲ್ಲಿ.

ಮನೆಗೆ ಬಂದವರೇ ಭಾವ ಹೆಲಿಕಾಪ್ಟರನ್ನು ದೀಪದ ಕೆಳಗಿಟ್ಟು, ಕೆಂಪು ಬಣ್ಣದ ಡಬ್ಬಿಗೆ ಕೈಚಾಚಿದರು. ಅಕ್ಕ ಅದನ್ನು ಕಿತ್ತುಕೊಂಡಳು.

"ಇದನ್ನ ಮುಟ್ಟಿದ್ರೆ ನಾನು ಈ ಮನೇಲಿ ಇರಲ್ಲ."

ಭಾವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಕುಂಚ ಹಿಡಿದ ಕೈ ಹಾಗೇ ನಿಂತಿತು.

"ಯಾಕೆ? ಎರಡೂ ಕಡೆ ಅಂತ ಅವರೇ ಹೇಳಿದ್ರಲ್ಲ?"