ನೋವು ನಿಂತ ಮೇಲೆ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕರೆದು ಡೈರಿಗೆ ಕೊಟ್ಟು ಬಂದೆ. ಹಿಪ್ಪುನೇರಳೆ ಸೊಪ್ಪು ಕೊಯ್ದೆ, ರೇಷ್ಮೆಹುಳದ ಮನೆ ಗುಡಿಸಿದೆ, ಹಣ್ಣಾದ ಹುಳ ಆಯ್ದು ಗೂಡು ಕಟ್ಟಲು ಬಿದಿರ ತಟ್ಟಿಯ ಚಂದ್ರಿಕೆಗೆ ಬಿಟ್ಟೆ, ಅತ್ತೆಗೆ ನೀರು ಕಾಯಿಸಿಕೊಟ್ಟೆ, ಸಾರಿಗೆ ಅವರೆಕಾಳು ಹಾಕಿದೆ. ಹಾಲು ಕರೆದದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಒಂದೇ ಕೈಯಲ್ಲಿ. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಬಲಗಡೆ, ಸೊಂಟದ ಹತ್ತಿರ, ಒಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ಯಾರಿಗೂ ಹೇಳಲಿಲ್ಲ. ಹುಳ ಹಣ್ಣಾದ ದಿನ ನಮ್ಮ ಕಡೆ ಹೊಟ್ಟೆನೋವಿಗೆಲ್ಲ ಪುರುಸೊತ್ತಿಲ್ಲ. ತಡಮಾಡಿದರೆ ತಟ್ಟೆಯಲ್ಲೇ ನೂಲು ಸುರಿದುಬಿಡುತ್ತವೆ. ಕೊನೆಗೆ ತಡೆಯಲಾರದೆ ಅಟ್ಟದಿಂದ ಹರಳೆಣ್ಣೆ ಸೀಸೆ ಇಳಿಸಿದೆ. ಮುಚ್ಚಳ ತೆಗೆದೆ. ಆ ಜಿಡ್ಡುವಾಸನೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ನೋವು ಟಕ್ಕನೆ ನಿಂತುಹೋಯಿತು.

ನೀವಾಗಿದ್ದರೆ ಸದ್ಯ ಅಂದುಕೊಳ್ಳುತ್ತಿದ್ದಿರಿ. ನನಗೆ ಕೈಕಾಲು ತಣ್ಣಗಾಯಿತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಬಟ್ಟಿ ತೆಗೆಯುವುದರಲ್ಲಿ ಹೆಸರಾದವರು. ಭಾರ ಎತ್ತಿ ಹೊಟ್ಟೆ ನೊಂದರೆ ಹೊಕ್ಕುಳ ಹತ್ತಿರದ ಬಟ್ಟಿ ಜಾರಿತು ಅನ್ನುತ್ತಾರೆ ನಮ್ಮಲ್ಲಿ. ಅತ್ತೆ ಮಲಗಿಸಿ, ಹರಳೆಣ್ಣೆ ನೀವಿ, ಹೊಕ್ಕುಳ ಮೇಲೆ ಪುಟ್ಟ ದೀಪವಿಟ್ಟು ಚೊಂಬು ಬೋರಲು ಹಾಕುತ್ತಿದ್ದರು. ಚೊಂಬು ಹೊಟ್ಟೆಯನ್ನು ಕಚ್ಚಿಕೊಳ್ಳುತ್ತಿತ್ತು. ಬಂದವರ ಹೆಸರು ಮರೆತರೂ ಹೊಟ್ಟೆ ಮರೆಯುತ್ತಿರಲಿಲ್ಲ. "ಆ ದೊಡ್ಡಮಳೂರಿನೋನಾ? ಅವ್ನ ಹೊಟ್ಟೇಲಿ ಬರೀ ಗಾಳಿ ಕಣವ್ವ" ಅನ್ನುತ್ತಿದ್ದರು.

ಒಮ್ಮೆ ಹೀಗೇ ಹುಳ ಹಣ್ಣಾದ ದಿನ ನಮ್ಮ ಯಜಮಾನರು ಹೊಟ್ಟೆ ಹಿಡಿದು ಕೂತರು. "ಚಂದ್ರಿಕೆ ಎತ್ತಿದ್ನಲ್ಲ, ಬಟ್ಟಿ ಜಾರ್ಬುಟ್ಟೈತೆ ಕಣವ್ವ."

"ನಿಮ್ಮಪ್ಪ ಕಲ್ಲುಕಂಬ ಹೊತ್ರೂ ಜಾರ್ನಿಲ್ಲ. ನೀನು ಬಿದಿರ ತಟ್ಟಿ ಎತ್ತಿ ಜಾರಿಸ್ಕಂಡಿದ್ದೀಯಲ್ಲೋ! ಮನೀಕೋ."

ನೀವಿದರು, ಚೊಂಬು ಕಚ್ಚಿಸಿದರು. ಒಸಿ ಹೊತ್ತಿಗೆ ಯಜಮಾನರು ಎದ್ದು ಕೂತು, "ನಿಂತೋಯ್ತು ಕಣವ್ವ!" ಅಂದರು. ಅತ್ತೆ ಜಂಬದಿಂದ ನನ್ನ ಕಡೆ ನೋಡಿದ್ದು ಇನ್ನೂ ಕಣ್ಣಮುಂದಿದೆ.

ಸಂಜೆಗೆ ಯಜಮಾನರ ಮೈ ಕೆಂಡ, ಹೊಟ್ಟೆ ಹಲಗೆಯ ಹಾಗೆ ಬಿಗಿ. ಆಟೋದಲ್ಲಿ ರಾಮನಗರದ ಆಸ್ಪತ್ರೆಗೆ ಹೊತ್ತೊಯ್ದೆವು. "ಅಪೆಂಡಿಕ್ಸ್ ಒಡೆದಿದೆ. ಒಡೆದಾಗ ಕೆಲವರಿಗೆ ನೋವು ನಿಂತ ಹಾಗಾಗುತ್ತಮ್ಮ, ಅದೇ ಮೋಸ" ಅಂದರು ಡಾಕ್ಟರು. "ಹೊಟ್ಟೆ ನೀವಿದ್ರಾ?" ಅಂತಲೂ ಕೇಳಿದರು. ಅತ್ತೆ ಸೆರಗಿನೊಳಗೆ ಕೈ ಮುಚ್ಚಿಕೊಂಡರು. ಆಪರೇಷನ್ ಆಗಿ ಯಜಮಾನರು ಉಳಿದರು. ಅತ್ತೆ ಮಾತ್ರ ಆಮೇಲೆ ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ನಾವ್ಯಾರೂ ಬೈಯಲಿಲ್ಲ, ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

ಹುಳ ಹಣ್ಣಾದರೆ ಬೆಳಕಿಗೆ ಹಿಡಿದು ನೋಡಬಹುದು, ಒಳಗೆಲ್ಲ ಹೊಂಬಣ್ಣ. ನಮ್ಮ ಹೊಟ್ಟೆ ಹಾಗೆ ಗುಟ್ಟು ಬಿಟ್ಟುಕೊಡುವುದಿಲ್ಲ.

ಸೀಸೆ ಹಿಡಿದು ಹಾಗೇ ನಿಂತಿದ್ದ ನನ್ನನ್ನು ಅತ್ತೆ ಕಂಡರು. "ಯಾಕೆ, ಏನಾಯ್ತೆ?"

"ಹೊಟ್ಟೆ ನೋಯ್ತಿತ್ತು. ಈಗ ನಿಂತೋಯ್ತು ಅತ್ತೆ."

ಅವರು ಎದ್ದ ರಭಸಕ್ಕೆ ಊರುಗೋಲು ಬಿದ್ದುಹೋಯಿತು. "ಲೋ ಮಗ, ಹುಳ ಹಾಳಾಗೋಗ್ಲಿ, ಮೊದ್ಲು ಬೈಕ್ ತೆಗಿಯೋ!" ಅಂತ ಯಜಮಾನರನ್ನು ಕೂಗಿದರು.

ಆಸ್ಪತ್ರೆಯ ದಾರಿಯಲ್ಲಿ ಒಂದೊಂದು ಹಂಪ್ ಬಂದಾಗಲೂ ನೋವು ಬರಲಿ ಅಂತ ಕಾದೆ. ನೋವಿಗೆ ಹರಕೆ ಹೊರುವ ಹೆಂಗಸು ನಾನೊಬ್ಬಳೇ ಇರಬೇಕು. ಬರಲಿಲ್ಲ. ಸ್ಕ್ಯಾನಿಂಗಿನವರು ತಣ್ಣನೆಯ ಜೆಲ್ ಸವರಿ ಹೊಟ್ಟೆಯ ಮೇಲೆಲ್ಲ ಯಂತ್ರ ಓಡಾಡಿಸಿದರು. "ಮೂತ್ರಪಿಂಡದ ಕಲ್ಲು. ಕೆಳಗೆ ಮೂತ್ರಕೋಶಕ್ಕೆ ಜಾರಿದೆ, ಅದಕ್ಕೇ ನೋವು ನಿಂತಿದೆ. ಚೆನ್ನಾಗಿ ನೀರು ಕುಡೀರಿ" ಅಂದರು ಡಾಕ್ಟರು.

ಬರುವಷ್ಟರಲ್ಲಿ ಅತ್ತೆ ಮಿಕ್ಕ ಹುಳ ಆಯ್ದು ಚಂದ್ರಿಕೆ ತುಂಬಿದ್ದರು, ಅರ್ಧಕ್ಕರ್ಧ ಇನ್ನೂ ಹಣ್ಣಾಗದ ಕಾಯಿಹುಳ. ವಿಷಯ ಕೇಳಿ, "ಅಂತೂ ಏನೋ ಒಂದು ಜಾರಿತ್ತಲ್ಲ" ಅಂದು ನಕ್ಕರು. ಹೊಟ್ಟೆಯ ವಿಷಯಕ್ಕೆ ಅವರು ನಕ್ಕು ಎಷ್ಟು ವರ್ಷವಾಗಿತ್ತೋ.

ರಾತ್ರಿ ಅತ್ತೆಗೂ ಯಜಮಾನರಿಗೂ ಮುದ್ದೆ, ಅವರೆಕಾಳು ಸಾರು. ನನಗೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ. ಅತ್ತೆ ನನ್ನ ಪಕ್ಕ ಚಾಪೆ ಹಾಸಿಕೊಂಡು, ಕೇಳದೆಯೇ, ಎಣ್ಣೆಯಿಲ್ಲದ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ನೀವಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಮೊದಲು ನಿದ್ದೆ ಹೋದದ್ದು ಅವರೇ. ಕೈ ಅಲ್ಲೇ ಇತ್ತು; ನಾನು ಮಗ್ಗುಲು ಬದಲಿಸಲಿಲ್ಲ.