ಗುರು-ಶುಕ್ರರ ಪಟ ತೆಗೆದ ಮಲ್ಕಣ್ಣ

ಇಲ್ಲ... ನಂಬಲು ಆಗುತ್ತಿಲ್ಲ.
ಫೋಟೋ ಮಲ್ಕಣ್ಣ ಇನ್ನಿಲ್ಲ.
ಕಳೆದ ವಾರ ನನ್ನ ಮುಂದೆ ಕೂತು ಚಹಾ ಕುಡಿದವನಿಗೆ ಈಗ ತಾನೇ ಮಣ್ಣು ಕೊಟ್ಟು ಬಂದೆ...

ಗೆಳೆಯರೇ, ಕಮಲಾಪುರದ ಅವನ ಸೋದರಮಾವನ ಮನೆ ಕಟ್ಟೆಯ ಮೇಲೆ ಕೂತು ಈ ಕಾಗದ ಬರೆಯುತ್ತಿದ್ದೇನೆ.
ಓದಿದವರು ಮುಂದಿನವರ ಕೈಗೆ ದಾಟಿಸಿ. ಬಳಗಕ್ಕೆಲ್ಲ ಮುಟ್ಟಲಿ.

ಪ್ಲೇಗು. ಐದೇ ದಿನ.
ಹೊರಲು ನಾಲ್ಕು ಜನ ಸಿಗುವುದೂ ಕಷ್ಟವಾಯಿತು...

ಕಲಬುರ್ಗಿಯಲ್ಲಿ ಜಗತ್ ಹತ್ತಿರದ ನಮ್ಮ ಓಣಿಯಲ್ಲಿ ಇಲಿ ಸತ್ತು ಬಿದ್ದದ್ದು ನಿಮಗೆ ಗೊತ್ತೇ ಇದೆ. ನಿಜಾಮ ಸರ್ಕಾರದ ಹುಕುಂ ಬಂತು. ಮನೆ ಖಾಲಿ ಮಾಡಿ ಊರ ಹೊರಗೆ ಗುಡಿಸಲು ಹಾಕಿದೆವು. ಮಲ್ಕಣ್ಣ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಇಲ್ಲಿಗೆ ಬಂದ.
ಓಣಿಯವರೆಲ್ಲ ಮನೆಗೆ ಬೀಗ ಹಾಕಿ ಕೀಲಿಕೈಗಳನ್ನು ನನ್ನ ವಶಕ್ಕೆ ಕೊಟ್ಟರು.
ನನ್ನ ಕರ್ಮ...

ಆಗಲೇ ನಸುಕಿನ ಆಕಾಶದಲ್ಲಿ ಗುರು-ಶುಕ್ರ ದಿನಕ್ಕಿಷ್ಟು ಹತ್ತಿರ ಸರಿಯುತ್ತಿದ್ದವು.
ಗುಡಿಸಲ ಮುಂದೆ ನಿಂತು ನಾವೂ ನೋಡುತ್ತಿದ್ದೆವು.
ಮುದುಕರು ಅಪಶಕುನವೆಂದು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.
ಮಲ್ಕಣ್ಣನಿಗೆ ಮಾತ್ರ ಅದರ ಫೋಟೋ ಬೇಕಿತ್ತು!

ತಾಯಿ ಬೇಡ ಎಂದಳು. ಆದರೂ ಹೆಂಡತಿ ನೀಲಮ್ಮ ಕೋಳಿ ಕೂಗುವ ಹೊತ್ತಿಗೆ ಎಬ್ಬಿಸಿದಳಂತೆ. "ಏಳ್ರಿ, ಮೋಡ ಇಲ್ಲ..."
ಬಾಳೆ ತೋಟದ ಬದುವಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಪಟ ತೆಗೆದ. ಆ ಗಾಜಿನ ಪ್ಲೇಟನ್ನು ಕರಿ ಬಟ್ಟೆಯಲ್ಲಿ ಸುತ್ತಿಕೊಂಡು, ಗಾಡಿ ಹತ್ತಿ, ಅದೇ ದಿನ ನನ್ನ ಗುಡಿಸಲಿಗೆ ಬಂದ.
ಪ್ಲೇಟನ್ನು ಔಷಧದಲ್ಲಿ ತೊಳೆದು ಪಟ ಮೂಡಿಸುವ ಅವನ ಕತ್ತಲೆ ಕೋಣೆ ಇದ್ದದ್ದು ಓಣಿಯಲ್ಲಿ ಬೀಗ ಹಾಕಿದ ಆ ಮನೆಯಲ್ಲಿ...

ಮಲ್ಕಣ್ಣಾ,
"ನಾಕ್ ದಿನ ತಡಿಯೋ, ಪ್ಲೇಟ್ ತೊಳಿಯೋ ಔಷಧ ಬ್ಯಾರೆ ಕಡಿಂದ ತರಸೋಣು" ಅಂದೆನಲ್ಲೋ.
"ಆಗಂಗಿಲ್ಲ ರೇವಣ್ಣ. ಪಟ ಬಂದದೋ ಇಲ್ಲೋ ಇವತ್ತೇ ನೋಡಬೇಕು. ಇಲ್ಲಂದ್ರ ನಾಳಿ ನಸುಕಿನಾಗ ಮತ್ತ ತೆಗಿತೀನಿ. ನಾಡದ್ದು ಈ ಗ್ರಹ ಅಗಲಿ ಬಿಡ್ತಾವ. ಒಂದ್ ತಾಸು ಸಾಕು ದೋಸ್ತ..."

ನಾನೇ ಕೀಲಿಕೈ ಹಿಡಿದು ಬಂದು ನಿನ್ನ ಮನೆ ಬಾಗಿಲು ತೆಗೆದೆ.
ಒಳಗಿನಿಂದ ಕೆಟ್ಟ ವಾಸನೆ... ನಿನಗೂ ಬಂತು, ನನಗೂ ಬಂತು. ಇಬ್ಬರೂ ಮೂಗು ಮುಚ್ಚಿಕೊಂಡೆವು.
ನಾನು ಹೊಸ್ತಿಲು ದಾಟಲಿಲ್ಲ. ನೀನು ಮಾತ್ರ ನಿನ್ನ ಮನೆಯೆಂದು ಚಪ್ಪಲಿ ಹೊರಗೇ ಬಿಟ್ಟು ಬರಿಗಾಲಲ್ಲಿ ಹೋದೆ. ದಿನಾ ಮಾಡುವ ಹಾಗೆ!
ಒಳಗಿನಿಂದ ನೀನು ಕೂಗಿದೆ. "ರೇವಣ್ಣಾ, ಬಂದಾವೋ! ಎರಡೂ ಬಂದಾವು, ಅಂಟಿಕೊಂಡು ನಿಂತಾವು!"
ನಾನೂ ನಕ್ಕೆ.
ಹೊರಗೆ ಬಂದು ನೀನು ಅಂಗಾಲು ನೋಡಿಕೊಂಡೆ. "ಏನೋ ಮೆತ್ತಗ ತುಳದೆ, ಕೆಂಪು ದೀಪದಾಗ ಕಾಣಲಿಲ್ಲ" ಅಂದೆ...

ಮೂರನೇ ದಿನಕ್ಕೆ ಜ್ವರ. ತೊಡೆಸಂದಿಯಲ್ಲಿ ಗಂಟು.
ಆಗಲೂ ನಾನು ಬಾಗಿಲು ತೆಗೆದದ್ದನ್ನು ಹೇಳಲಿಲ್ಲವಂತೆ ನೀನು. "ಪ್ಲೇಟ್ ರೇವಣ್ಣನ ಹತ್ರ ಅದ, ಇನ್ನ ತೊಳದಿಲ್ಲ" ಅಂತ ನನಗಾಗಿ ಸುಳ್ಳು ಹೇಳಿದೆ...

ಗೆಳೆಯರೇ, ಆ ಪ್ಲೇಟ್ ಕತ್ತಲೆ ಕೋಣೆಯಲ್ಲೇ ಒಣಗುತ್ತಿದೆ. ತರಲು ಯಾರೂ ಹೋಗಬೇಡಿ. ಕೈ ಮುಗಿಯುತ್ತೇನೆ.

ಮಣ್ಣು ಕೊಟ್ಟು ಬಂದಾಗ ಅವನ ತಾಯಿ ಸೊಸೆಯ ಕಡೆ ಕೈ ಮಾಡಿ ಚೀರಿದಳು.
"ಗ್ರಹ ಕೂಡಿದ್ದು ಪಟ ತೆಗಿಬ್ಯಾಡ ಅಂದೀನಿ. ಈಕಿನೇ ಎಬ್ಬಿಸಿ ಕಳಿಸಿದ್ಲು! ನನ್ನ ಮಗನ್ನ ನುಂಗಿ ಕೂತಾಳ. ಇನ್ನ ನನ್ನ ಹೊಸ್ತಿಲ ತುಳಿಬಾರದು. ಅಲ್ಲೇನಪಾ ರೇವಣ್ಣ?"
ನಾನು... ಹೂಂ ಅಂದೆ.
ಥೂ ನನ್ನ ಬಾಳಿಗೆ!

ನೀಲಮ್ಮ ಅಳಲೂ ಇಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಒಂದೇ ಮಾತು ಕೇಳಿದಳು.
"ಅಣ್ಣಾ, ಪಟ ಬಂದಿತ್ತೇನ್ರಿ?"
ಬಂದಿತ್ತು ಅಂದರೆ ನಾನು ಆ ಬಾಗಿಲಲ್ಲಿದ್ದದ್ದು ತಿಳಿದುಬಿಡುತ್ತದೆ...
ಗೊತ್ತಿಲ್ಲ ಅಂದೆ.

ಗ್ರಹಗಳದ್ದೇನೂ ತಪ್ಪಿಲ್ಲ. ಆ ಹೆಣ್ಣುಮಗಳದ್ದಂತೂ ಇಲ್ಲವೇ ಇಲ್ಲ.
ನಿಮಗೆ ಕಳಿಸುವ ಮೊದಲು ಈ ಕಾಗದವನ್ನು ಆ ತಾಯಿಯ ಮುಂದೆ, ನೀಲಮ್ಮನ ಮುಂದೆ ಓದುತ್ತೇನೆ.
ಇಬ್ಬರೂ ಒಳಗೇ ಇದ್ದಾರೆ... ಏಳುತ್ತೇನೆ.

ಹೋಗಿ ಬಾರೋ ಮಲ್ಕಣ್ಣ...
ಶಿವನ ಪಾದದಲ್ಲಿ ನಿನ್ನ ಜೀವ ತಣ್ಣಗಿರಲಿ.