ವೈನಿ ಬರ್ಫ ಮುಟ್ಟಿದ ದಿನ

ಗುಳಕ್, ಗುಳಕ್. ಉದ್ದನೆಯ ಮರದ ಕೊಳವೆಯಲ್ಲಿ ಬೆಣ್ಣೆ, ಉಪ್ಪು ಹಾಕಿ ಚಹಾ ಕಡೆಯುವ ಸಪ್ಪಳ. ಹಿಮಾಲಯದ ಸ್ಪಿತಿ ಕಣಿವೆ ಎಂದರೆ ನನಗೆ ಮೊದಲು ನೆನಪಾಗುವುದು ಅದೇ, ವ್ಯೂ ಅಲ್ಲ.

ಬೀದರದಿಂದ ನಾನು, ಔರಾದದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಶಾಂತಾಬಾಯಿ, ಇಬ್ಬರೇ ಹೊರಟಿದ್ದೆವು. ಇಬ್ಬರಿಗೂ ಎಪ್ಪತ್ತರ ಮೇಲೆ. ರೈಲಿನಲ್ಲಿ ದಿಲ್ಲಿ, ಬಸ್ಸಿನಲ್ಲಿ ಮನಾಲಿ, ಅಲ್ಲಿಂದ ಇಡೀ ದಿನ ಜೀಪಿನ ಕುಲುಕಾಟ. ದಾರಿಯುದ್ದಕ್ಕೂ ರೊಟ್ಟಿ, ಸೇಂಗಾ ಹಿಂಡಿ. ವೈನಿಯ ಮೊಣಕಾಲು ನೋಡಿದ ಭಾಲ್ಕಿಯ ಡಾಕ್ಟರು ಏರು ಹತ್ತಬೇಡಿ ಎಂದಿದ್ದರು. ವೈನಿಗೆ ಹಿಮ ಮುಟ್ಟುವ ಒಂದೇ ಹಟ: "ಬರ್ಫ ಮುಟ್ಟೇ ಬರ್ತೇನಿ ಅಂತ ಓಣಿಗೆಲ್ಲ ಹೇಳೀನಿ. ಮುಟ್ಟದ ಹ್ಯಾಂಗ ಹೋಗ್ಲಿ?"

ಆದರೆ ಅದು ಜುಲೈ. ನಾವಿಳಿದ ಹಳ್ಳಿಯಲ್ಲಿ ಬಟಾಣಿ ಹೂ ಬಿಟ್ಟಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಬರ್ಫ ಮಾತ್ರ ದೂರದ ಶಿಖರದ ಮೇಲೆ, ಪಿಕ್ಚರ್ ಪೋಸ್ಟ್‌ಕಾರ್ಡಿನಂತೆ. ವೈನಿಯ ಮುಖ ಸಣ್ಣಗಾಯಿತು.

ಹೋಮ್‌ಸ್ಟೇ ನಡೆಸುವ ಡೋಲ್ಮಾ ಮತ್ತೆ ಮತ್ತೆ ಚಹಾ ಸುರಿದಳು. ವೈನಿ ನಮ್ಮ ದಖನಿ ಉರ್ದುವಿನಲ್ಲಿ "ನಕ್ಕೋ, ನಕ್ಕೋ" ಎಂದರು, ಬೇಡ ಎಂದು. ಡೋಲ್ಮಾ "ನಮಕ್?" ಎನ್ನುತ್ತ ಇನ್ನೊಂದು ಚಿಟಿಕೆ ಉಪ್ಪು ಹಾಕಿದಳು.

"ಅಯ್ಯ ಲೀಲಾ, ಕಾನ್ವೆಂಟ್ ಕಲ್ತಾಕಿ ಸುಮ್ಮ ಕುಂತೀಯಲ್ಲ! ಇಕಿಗಿ ತಿಳಿಸಿ ಹೇಳು!"

ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದಾಗ ಡೋಲ್ಮಾ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ನಗುವಿನಲ್ಲೇ ಬರ್ಫದ ಮಾತೂ ಬಂತು. ಕುರಿ ಮೇಯುವ ಗುಡ್ಡದ ಮೇಲೆ, ಕೊರಕಲಿನ ನೆರಳಲ್ಲಿ ಸ್ವಲ್ಪ ಉಳಿದಿದೆಯಂತೆ. ಅಮ್ಮ ಕತ್ತೆಯ ಮೇಲೆ ಕೂರುತ್ತಾರಾ ಎಂದು ಕೇಳಿದಳು.

ವೈನಿ ಸೆರಗು ಸಿಗಿಸಿಕೊಂಡರು. "ಔರಾದದಾಗ ಕತ್ತಿ ಮ್ಯಾಲ ಕುಂದ್ರಿಸಿದ್ರ ಮಾನ ಹೋದಂಗ. ಇಲ್ಲಿ ನೋಡೋರು ಯಾರದಾರ? ನಡೀ."

ಮರುದಿನ ಬೆಳಿಗ್ಗೆ ಕತ್ತೆಯ ಮೇಲೆ ವೈನಿ, ಹಗ್ಗ ಹಿಡಿದು ಡೋಲ್ಮಾ, ಹಿಂದೆ ಏದುಸಿರು ಬಿಡುತ್ತ ನಾನು. ಕೊನೆಯ ಏರಿಗೆ ಕತ್ತೆ ನಿಂತೇಬಿಟ್ಟಿತು. ಸಾಕು ವೈನಿ, ಪ್ಲೀಸ್, ಎಂದೆ. ಅವರು ಇಳಿದು, ನಾಲ್ಕು ಹೆಜ್ಜೆಗೊಮ್ಮೆ ಕೂತು, ಎದ್ದು, ಹತ್ತಿಯೇ ಹತ್ತಿದರು. ಬರ್ಫ ಮಣ್ಣು ಮೆತ್ತಿ ಕರ್ರಗಿತ್ತು. ನನಗೆ ಸ್ವಲ್ಪ ಡಿಸಪಾಯಿಂಟ್‌ಮೆಂಟ್. ವೈನಿ ಉಗುರಿನಿಂದ ಕೆರೆದರು. ಒಳಗೆ ಬೆಳ್ಳಗೆ! ಹಿಡಿ ತುಂಬ ತೆಗೆದು ಗಲ್ಲಕ್ಕೆ ಒತ್ತಿಕೊಂಡರು.

"ಏ ಲೀಲಾ, ಸುಡ್ತದಲ್ಲ ಇದು!"

ವಾಪಸ್ ಬಂದು ಬೀದರ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಔರಾದದ ಬಸ್ಸಿಗೆ ಹತ್ತಿಸಿದೆ. ಆ ಚಳಿಗಾಲ ಮುಗಿಯುವುದರೊಳಗೆ ವೈನಿ ತೀರಿಕೊಂಡರು. ಕಡೆಯ ಸಲ ನಾನು ಅವರನ್ನು ನೋಡಿದ್ದು ಆ ಬಸ್ಸಿನ ಕಿಟಕಿಯಲ್ಲಿ. ಬೈ ಹೇಳಲು ಕೈ ಎತ್ತಿದ್ದೆ. ಅವರಿಗೆ ಪುರಸೊತ್ತೇ ಇರಲಿಲ್ಲ. ಪಕ್ಕದಲ್ಲಿ ಕೂತ ಯಾರೋ ಹೆಂಗಸಿನ ಕೈ ಎಳೆದು ತಮ್ಮ ಗಲ್ಲಕ್ಕೆ ಹಚ್ಚಿಕೊಂಡು, "ಇಲ್ಲೇ ನೋಡ್ರಿ, ಇಲ್ಲೇ" ಎನ್ನುತ್ತಿದ್ದರು.